ಒಂದೇ ಕೋಣೆಯ ಟಪಾಲು

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಮಂಡ್ಯದ ಒಂದು ಕಾಲೇಜಿನಲ್ಲಿ ಆಫೀಸು ಸೂಪರಿಂಟೆಂಡೆಂಟ್ ಆಗಿದ್ದೆ. ವಿಭಾಗಕ್ಕೊಂದು ಟೈಪ್‌ರೈಟರು, ವಿಭಾಗಕ್ಕೊಂದು ಟಪಾಲು ಪುಸ್ತಕ. ಯಾವ ಕಾಗದ ಎಲ್ಲಿದೆಯೆಂದು ದೇವರಿಗೂ ಗೊತ್ತಿರಲಿಲ್ಲ. ಎಲ್ಲವನ್ನೂ ಒಂದೇ ಕೋಣೆಗೆ ತರುವ ಯೋಜನೆ ಮಾಡಿ ಎಂದರು ಪ್ರಿನ್ಸಿಪಾಲರು. ಎರಡು ತಿಂಗಳು ಕೂತು ಮಾಡಿದೆ. ಹೊರಗಿನಿಂದ ಬಂದ ಪ್ರತಿ ಕಾಗದಕ್ಕೂ ಅಲ್ಲಿ ಮೊಹರು ಬೀಳಬೇಕು, ನಂಬರು ಹಾಕಬೇಕು, ಪ್ರಿನ್ಸಿಪಾಲರು ನೋಡಿದ ಮೇಲೆಯೇ ಅದು ವಿಭಾಗಕ್ಕೆ ಹೋಗಬೇಕು. ಪೋಸ್ಟ್‌ಮ್ಯಾನ್ ಯಾರ ಕೈಗೂ ನೇರವಾಗಿ ಏನನ್ನೂ ಕೊಡಕೂಡದು. ಈಗ ನೆನೆದರೆ ನಾಚಿಕೆ. ಆಗ ತಲೆಯ ಮೇಲೆ ಎರಡು ಕೋಡು ಮೂಡಿದ್ದವು.

ಟಪಾಲು ಚೀಲ ಹೊರಲು ಕೆಮಿಸ್ಟ್ರಿ ಲ್ಯಾಬಿನ ಜವಾನನನ್ನು ಹಾಕಿಸಿಕೊಂಡೆ. ಓದು ಬರಹ ಬಾರದವನು, ಆದರೆ ಒಂದು ಚೀಟಿಯನ್ನೂ ಕಳೆದವನಲ್ಲ. ತಾಯಿಯಿಲ್ಲದ ಅವನನ್ನು ಸಾಕಿದವಳು ಅಕ್ಕ. ಮಳವಳ್ಳಿ ಆಚೆಯ ಹಳ್ಳಿಯೊಂದರಲ್ಲಿ ಅವಳು ಹಾಸಿಗೆ ಹಿಡಿದಿದ್ದಳು. ಜಾಸ್ತಿಯಾದರೆ ಕಾಲೇಜಿಗೆ ಕಾರ್ಡು ಹಾಕಿ ಎಂದು ಅಲ್ಲಿನ ಮೇಷ್ಟರಿಗೆ ಹೇಳಿ ಬಂದಿದ್ದೇನೆ, ಕೊನೆಗೊಂದು ಸಲ ಮುಖ ನೋಡಿಬಿಟ್ಟರೆ ಸಾಕು ಎಂದು ನನ್ನ ಹತ್ತಿರವೇ ಹೇಳಿಕೊಂಡಿದ್ದ.

ಹೊಸ ಪದ್ಧತಿ ಶುರುವಾದ ಎರಡನೇ ವಾರ ಪೋಸ್ಟ್‌ಮ್ಯಾನ್ ನನ್ನ ಮುಂದೆ ಒಂದು ಕಾರ್ಡು ಹಿಡಿದು ನಿಂತ.

"ಸಾ, ಇದೊಂದ ನಾನೇ ಕೊಟ್ಬುಟ್ಟು ಓಯ್ತೀನಿ. ಅರ್ಜೆಂಟದೆ."

ನಾನು ತಲೆ ಎತ್ತಲಿಲ್ಲ. ರೂಲು ಅಂದರೆ ರೂಲು, ಟ್ರೇಯಲ್ಲಿ ಹಾಕು ಎಂದೆ. ಯಾರಿಗೆ ಬಂದದ್ದೆಂದೂ ಕೇಳಲಿಲ್ಲ. ಅವನು ಹಾಕಿ ಹೋದ.

ಅಕ್ಕನಿಗೆ ಜಾಸ್ತಿಯಾಗಿದೆ, ನಿನ್ನನ್ನೇ ಕೇಳುತ್ತಿದ್ದಾಳೆ, ರಜೆ ಹಾಕಿ ಕೂಡಲೇ ಬಾ ಎಂದು ಅದರಲ್ಲಿತ್ತು. ಟಪಾಲು ಕೋಣೆಯ ಗುಮಾಸ್ತನ ಕಣ್ಣಿಗೆ ಬಿದ್ದದ್ದು ರಜೆ ಎಂಬ ಒಂದು ಪದ. ಮೊಹರು ಹೊಡೆದು, 'ವಿಷಯ: ರಜೆ' ಎಂದು ಬರೆದು ಫೈಲಿಗೆ ಸೇರಿಸಿದ. ಪ್ರಿನ್ಸಿಪಾಲರು ಆ ಎರಡು ಪದ ನೋಡಿ, 'ನೌಕರನು ಖುದ್ದಾಗಿ ಅರ್ಜಿ ಕೊಡತಕ್ಕದ್ದು' ಎಂದು ಗೀಚಿದರು. ಕೆಮಿಸ್ಟ್ರಿ ಮುಖ್ಯಸ್ಥರ ಮೇಜಿಗೆ ಅದು ಬರುವಷ್ಟರಲ್ಲಿ ಮೂರು ದಿನ ಕಳೆದಿತ್ತು. ಪುಣ್ಯಾತ್ಮರು ಅವರೊಬ್ಬರು ಕಾರ್ಡನ್ನು ಪೂರ್ತಿ ಓದಿ ಜವಾನನನ್ನು ಕೂಗಿದರು.

ಗುಮಾಸ್ತ ಬಂದು ನನಗೆ ಹೇಳಿದ. ಕೋಣೆಯಿಂದ ಪ್ರಿನ್ಸಿಪಾಲರಿಗೆ, ಅಲ್ಲಿಂದ ಮತ್ತೆ ಕೋಣೆಗೆ, ಆಮೇಲೆ ಕೆಮಿಸ್ಟ್ರಿಗೆ, ಆ ಕಾರ್ಡನ್ನು ಅಷ್ಟೂ ಸಲ ಹೊತ್ತವನು ಆ ಜವಾನನೇ. ಓದು ಬಂದ ನಾವೆಲ್ಲ ಕುರುಡರಾಗಿದ್ದೆವು. ಹಾಳಾಗಿ ಹೋಗಲಿ ಈ ಯೋಜನೆ ಎಂದು ಬೈದುಕೊಂಡು ಲ್ಯಾಬಿಗೆ ಓಡಿದೆ. ಅವನು ಬಸ್ ಸ್ಟ್ಯಾಂಡಿಗೆ ಹೊರಟುಹೋಗಿದ್ದ. ಮದ್ದೂರಿನಲ್ಲಿ ಬಸ್ಸು ಬದಲಿಸಿ ಊರು ಮುಟ್ಟಿದಾಗ, ಮಣ್ಣು ಮಾಡಿ ಬಂದವರು ಸ್ನಾನ ಮಾಡುತ್ತಿದ್ದರಂತೆ.

ತಿಥಿ ಮುಗಿಸಿ ಬಂದವನು ಕೆಲಸಕ್ಕೆ ನಿಂತ. ತಪ್ಪಾಯಿತು ಎನ್ನಬೇಕಿತ್ತು. ಊರಿನಲ್ಲಿ ಏನೆಂದರು ಎಂದಷ್ಟೇ ಕೇಳಿದೆ.

"ಕಾಗ್ದ ಆಕ್ಸಿದ್ರೂ ಬರ್ನಿಲ್ಲ ಅಂತ ಬಾವ ಬೈದ್ರು ಸಾ. ಪೋಸ್ಟ್‌ನೋನು ಕೊಡ್ನೇ ಇಲ್ಲ ಅಂದ್ಬುಟ್ಟೆ" ಎಂದ. "ಮೂರು ದಿನ ನಾನೇ ಒತ್ಕಂಡು ತಿರುಗ್ದೆ ಅಂದ್ರೆ ಯಾರು ನಂಬ್ತಾರೆ?"