ಸಕ್ರವ್ವನ ಇದ್ದಲಿ ಉಂಡೆ

“ಯವ್ವಾ, ಸಕ್ರವ್ವನ ಕೈಗೆ ಉಗುರು ಯಾಕ ಇಲ್ಲಬೇ?”

ಮಗಳ ತಲೆಗೆ ಎಣ್ಣೆ ತಿಕ್ಕುತ್ತಿದ್ದ ಗುರುಬಸವ್ವ ಕೈ ತಡೆದಳು. “ತೇಜಾಬ ತಿಂದದವ್ವ.”

“ತೇಜಾಬಕ್ಕ ಹಲ್ಲು ಇರತಾವೇನು?”

ಇದ್ದಂಗೇ ಇತ್ತು. ವಿಜಾಪುರದ ಆ ಓಣಿಯಲ್ಲಿ ಬಂಗಾರದಂಗಡಿ ಗುರಣ್ಣ ಹಳೆ ಒಡವೆಗಳನ್ನು ತೇಜಾಬಿನಲ್ಲಿ, ಅಂದರೆ ಸುಡುವ ಆಮ್ಲದಲ್ಲಿ, ಕರಗಿಸಿ ಶುದ್ಧ ಮಾಡುತ್ತಿದ್ದ. ಉಳಿದ ನೀರು, ಅದರೊಳಗಿನ ಕಣ್ಣಿಗೆ ಕಾಣದ ಬಂಗಾರದ ಸಮೇತ, ಗಟಾರಕ್ಕೆ. ಹೊಸ್ತಿಲು ದಾಟಿದ ನೀರು ಗಟಾರ ಬಳಿಯುವವರದು ಎಂಬುದು ಓಣಿಯ ರೂಢಿ. ಬಿಜ್ಜರಗಿಯಲ್ಲಿ ಕುರಿ ಕಾಯುವವರ ಮನೆಯ ಮಗಳು ಸಕ್ರವ್ವ, ಗಂಡ ಸತ್ತ ಮೇಲೆ ಹನ್ನೊಂದು ವರ್ಷ ಆ ಗಟಾರ ಬಳಿಯುತ್ತ ಆ ನೀರಿನಲ್ಲೇ ಹೊಟ್ಟೆ ಹೊರೆದಳು. ಜಾಲಿ ಇದ್ದಲಿಯ ಪುಡಿ, ಕುರಿ ಉಣ್ಣೆ, ಜೇಡಿಮಣ್ಣು ಕೂಡಿಸಿ ನಾದಿ ಉಂಡೆ ಕಟ್ಟಿ, ಚೀಲದಲ್ಲಿ ತುಂಬಿ ಗಟಾರದ ಬಾಯಿಗೆ ಇಡುವಳು. ಇದ್ದಲಿ ಒಂದೇ ಆದರೆ ಹರಿದುಹೋಗುತ್ತದೆ, ಉಣ್ಣೆ ಒಂದೇ ಆದರೆ ಬಂಗಾರ ಹಿಡಿಯದು, ಕೂಡಿದರೆ ಬಿಡದು. ತಿಂಗಳಿಗೊಮ್ಮೆ ಸುಟ್ಟರೆ ಕಡಲೆ ಕಾಳಿನಷ್ಟು ಬಂಗಾರ. ಗುಟ್ಟು ಹೊರಬೀಳಬಾರದೆಂದು ಅದನ್ನು ಬಬಲೇಶ್ವರಕ್ಕೆ ಹೋಗಿ ಮಾರುವಳು.

ಅದೇ ತಪ್ಪಾಯಿತು. ಗಟಾರ ಬಳಿಯುವವಳು ಬಂಗಾರ ಮಾರುತ್ತಾಳೆಂಬ ಸುದ್ದಿ, ಅರವತ್ಮೂರನೇ ಇಸವಿಯ ಬೇಸಿಗೆಯಲ್ಲಿ, ಅಲ್ಲಿಯ ಅಕ್ಕಸಾಲಿಗರಿಂದ ಗುರಣ್ಣನ ಕಿವಿಗೆ ಬಿತ್ತು.

“ಗಟಾರದಾಗ ಬಂಗಾರ ಬೆಳೀತದೇನಬೇ? ನನ್ನ ಮೂಸಿಯಾಗಿಂದು ಕದ್ದಿ! ಪೊಲೀಸರನ್ನ ಕರಸ್ಲ್ಯಾ?”

“ಕದ್ದಿಲ್ರಿ ಯಪ್ಪಾ. ಎಲ್ಲಾರ ಮುಂದ ಮಾಡಿ ತೋರಸ್ತೇನಿ.”

ಓಣಿಯೇ ನೆರೆಯಿತು. ಸಕ್ರವ್ವ ಚೀಲ ತಂದು ಉಂಡೆ ಸುಟ್ಟಳು, ಬೂದಿಗೆ ಬಿಳಿಗಾರ ಹಾಕಿ ಬಂಗಾರ ಕರಗಿಸುವ ಮಣ್ಣಿನ ಮೂಸಿಯಲ್ಲಿ ಕಾಸಿದಳು. ತಳದಲ್ಲಿ ಹಳದಿ ಕಾಳೊಂದು ಮಿನುಗಿದಾಗ ಮಂದಿ ಬೆರಗಾದರು. ಗುಂಪಿನಲ್ಲಿ ನಿಂತಿದ್ದ ಗುರುಬಸವ್ವನ ಜೀವ ತಣ್ಣಗಾಯಿತು.

ಗುರಣ್ಣ ಕಾಳನ್ನು ಆರಿಸಿ, ತಿರುವಿ ನೋಡಿದ. “ಖರೇ, ಕದ್ದಿಲ್ಲ. ಅಂದ್ರ ಹನ್ನೊಂದು ವರ್ಷ ನನ್ನ ನೀರಾಗಿನ ಬಂಗಾರ ತಿಂದಿ! ಕಳ್ಳಿ ಅಲ್ಲೋ ಮಾರಾಯಾ, ಇಕಿ ಮಹಾಕಳ್ಳಿ!”

ಕಾಳು ಅವನ ಕಿಸೆ ಸೇರಿತು. ಈಗಷ್ಟೇ ಬೆರಗಾದವರೇ ಬಿದ್ದು ಬಿದ್ದು ನಕ್ಕರು.

ವಾರದೊಳಗೆ ಗುರಣ್ಣ ಹೊಸ್ತಿಲ ಒಳಗೇ ಆ ನೀರು ಹಿಡಿಯುವ ತೊಟ್ಟಿ ಕಟ್ಟಿಸಿದ. ಅದರಲ್ಲಿ ಅವನದೇ ಉಂಡೆಗಳು. ಉಣ್ಣೆ ತಂದು ಮಾರಿದವನು ಸಕ್ರವ್ವನ ಒಡಹುಟ್ಟಿದ ತಮ್ಮ ಅಮೋಘಿ.

ಸಕ್ರವ್ವ ಭಾಂಡಿ ತಿಕ್ಕುವ ಕೆಲಸ ಕೇಳಿದರೆ, ಕಳ್ಳಿಯೆಂದು ಯಾರೂ ಒಳಗೆ ಬಿಡಲಿಲ್ಲ. ಕೊನೆಗೆ ಗುರುಬಸವ್ವನ ಬಾಗಿಲಿಗೆ ಬಂದಳು. ಗುರುಬಸವ್ವನ ಕಣ್ಣು ತಾನಾಗಿ ಮಗಳ ಕಾಲಿನ ಬೆಳ್ಳಿ ಗೆಜ್ಜೆಯತ್ತ ಹೋಯಿತು. ಸಕ್ರವ್ವ ಅದನ್ನು ನೋಡಿದಳು. ಗುರುಬಸವ್ವ ನಾಚಿ, “ನಾಳಿಂದ ಬಾ,” ಅಂದಳು.

“ಬರತೇನ್ರಿ ಅಕ್ಕಾರ. ಒಂದ ಉಪಕಾರ ಮಾಡ್ರಿ. ದಿನಾ ಹೋಗೂವಾಗ, ಬಾಗಿಲದಾಗ ನಿಂದ್ರಿಸಿ, ಮಂದಿ ಕಾಣೂವಂಗ ನನ್ನ ಸೆರಗು ಝಾಡಿಸಿ ನೋಡ್ರಿ.”