ಬೇಡ ಎನ್ನಲು ಬಾರದ ಲ್ಯಾಪ್‌ಟಾಪ್

ಮಾವನವರ ಗಂಟಲಿನ ಧ್ವನಿಪೆಟ್ಟಿಗೆಯನ್ನು ತೆಗೆಯಲೇಬೇಕು ಎಂದು ಮಿರಜಿನ ಡಾಕ್ಟರು ಹೇಳಿದಾಗ ಅತ್ತೆ ಕೇಳಿದ್ದು ಒಂದೇ ಮಾತು. "ಹಂಗಾರ ಇವರು ನನ್ನ ಕೂಡ ಹೆಂಗ ಮಾತಾಡತಾರ್ರಿ?" ಡಾಕ್ಟರು ಗಡ್ಡೆ ಎಲ್ಲಿಯವರೆಗೆ ಹರಡಿದೆ ಎಂದು ವಿವರಿಸುತ್ತಿದ್ದರು. ಈ ಪ್ರಶ್ನೆ ಬಂದ ಮೇಲೂ ಅವರು ಅದನ್ನೇ ಮುಂದುವರಿಸಿದರು. ನನಗೂ ಆಗ ಅದು ಸಣ್ಣ ಪ್ರಶ್ನೆ ಅನ್ನಿಸಿತ್ತು. ವಾಪಸು ಬರುವಾಗ ಕಾಗವಾಡ ದಾಟುವ ಹೊತ್ತಿಗೆ ನನ್ನ ತಲೆಯಲ್ಲೂ ಅದೇ ಕೂತಿತು. ಮಾವನವರಿಗೆ ಕನ್ನಡ, ಮರಾಠಿ ಎರಡೂ ಬರೆಯಲು ಬರುತ್ತದೆ. ಅತ್ತೆಗೆ ಒಂದು ಅಕ್ಷರವೂ ಬರುವುದಿಲ್ಲ. ಗಂಡ ತೋಟಕ್ಕೆ, ನಾನು ಶಾಲೆಗೆ ಹೋದ ಮೇಲೆ ಸಂಜೆಯವರೆಗೆ ಮನೆಯಲ್ಲಿ ಅವರಿಬ್ಬರೇ.

ನಾನು ಐನಾಪುರಕ್ಕೆ ಸೊಸೆಯಾಗಿ ಬಂದವಳು. ಹತ್ತಿರದ ಹೈಸ್ಕೂಲಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತೇನೆ. ಮಾವನವರು ನನ್ನೊಂದಿಗೆ ನೇರವಾಗಿ ಮಾತಾಡಿದ್ದೇ ಇರಲಿಲ್ಲ. ನಾನು ಎದುರಿಗೇ ಚಹಾ ಸೋಸುತ್ತಿದ್ದರೂ "ಚಾ ಆತೇನು ಕೇಳು" ಎಂದು ಅತ್ತೆಗೆ ಹೇಳುವರು. ಅತ್ತೆ ಅದನ್ನೇ ನನಗೆ ಹೇಳುವರು. ನನ್ನ ಉತ್ತರ ಅದೇ ದಾರಿಯಲ್ಲಿ ಹಿಂದಿರುಗುವುದು. ಮೂರು ಹೆಜ್ಜೆಗೆ ಮುಗಿಯುವ ಮಾತಿಗೆ ಊರು ಸುತ್ತಿ ಬರುವ ಈ ಪದ್ಧತಿ ನನಗೆ ಮೊದಮೊದಲು ಸಿಟ್ಟು ತರಿಸುತ್ತಿತ್ತು. ಆಮೇಲೆ ರೂಢಿಯಾಯಿತು.

ಮಾವನವರ ಧ್ವನಿ ಮಾತ್ರ ಯಾರ ಮೂಲಕವೂ ಬರಬೇಕಾಗಿರಲಿಲ್ಲ. ದ್ರಾಕ್ಷಿ ತೋಟದ ಈ ಬದುವಿನಲ್ಲಿ ನಿಂತು "ಬ್ಯಾಡ" ಎಂದರೆ ಆ ಬದುವಿನಲ್ಲಿ ಬಳ್ಳಿ ಕತ್ತರಿಸುವವರ ಕೈ ನಿಲ್ಲುತ್ತಿತ್ತು. ಗಂಟಲು ಕಟ್ಟಿಕೊಂಡು ಒರಟಾಗಿದ್ದರೂ ಆ ಗತ್ತು ಇನ್ನೂ ಉಳಿದಿತ್ತು. ಅದು ಉಳಿದಿರುವಾಗಲೇ ಹಿಡಿದಿಟ್ಟುಕೊಳ್ಳಬೇಕು ಎಂದು ನಾನು ಹಟ ಹಿಡಿದೆ. ಅಥಣಿಗೆ ಹೋಗಿ ಒಂದು ಲ್ಯಾಪ್‌ಟಾಪ್ ತಂದೆವು. ನನ್ನ ಲೆಕ್ಕಾಚಾರ ಸರಳವಾಗಿತ್ತು. ದಿನನಿತ್ಯ ಬೇಕಾಗುವ ಮಾತುಗಳನ್ನು ಮಾವನವರ ಧ್ವನಿಯಲ್ಲೇ ತುಂಬಿಸುವುದು, ಒಂದೊಂದು ಕೀಗೆ ಒಂದೊಂದು ಮಾತು ಕೊಡುವುದು. ಅವರು ಒತ್ತಿದರೆ ಅತ್ತೆಗೆ ಕೇಳಿಸುತ್ತದೆ.

ಲ್ಯಾಪ್‌ಟಾಪ್ ಮನೆಗೆ ಬಂದ ಕೂಡಲೇ ಅತ್ತೆ ಅದನ್ನು ದೇವರ ಮುಂದೆ ಇಟ್ಟು ಅರಿಶಿನ ಕುಂಕುಮ ಹಚ್ಚಿದರು. ಕುಂಕುಮ ಕೀಗಳ ಸಂದಿಗೆ ಇಳಿದದ್ದನ್ನು ನಾನು ಬಣ್ಣದ ಕುಂಚದಿಂದ ಬಿಡಿಸಿ ತೆಗೆದೆ. ಮೊದಲ ಸಲ ಚಾಲೂ ಮಾಡಿದಾಗ ಅದು ಭಾಷೆ ಕೇಳಿತು, ಊರು ಕೇಳಿತು, ಯಜಮಾನನ ಹೆಸರು ಕೇಳಿತು. ಅತ್ತೆ ಗಂಡನ ಹೆಸರು ಹೇಳುವವರಲ್ಲ, ಮಾವನವರು ತಮ್ಮ ಹೆಸರು ಅದಕ್ಕೇಕೆ ಎಂದರು, ಕೊನೆಗೆ ಮನೆದೇವರ ಹೆಸರು ಹಾಕಿದೆವು. ಪಾಸ್‌ವರ್ಡ್ ಎಂದರೆ ಕೀಲಿ ಇದ್ದ ಹಾಗೆ ಎಂದು ನಾನು ತಿಳಿಸಿದಾಗ "ಮನ್ಯಾಗಿನ ಮಾತಿಗಿ ಕೀಲಿ ಯಾಕ ಬೇ?" ಎಂದರು ಅತ್ತೆ. ಅದೂ ಸರಿ ಅನ್ನಿಸಿ ಬಿಟ್ಟುಬಿಟ್ಟೆ.

ಧ್ವನಿ ತುಂಬಿಸಲು ಜೋಳದ ಚೀಲ ಒಟ್ಟಿದ ಕೋಣೆಯನ್ನು ಆರಿಸಿಕೊಂಡೆ. ಚೀಲಗಳಿಂದಾಗಿ ಅಲ್ಲಿ ಮಾತು ಮಾರ್ದನಿಸುವುದಿಲ್ಲ. ಮಾವನವರು ಚೀಲಕ್ಕೆ ಒರಗಿ ಕೂತರು, ನಾನು ಸೆರಗು ಹೊದ್ದು ಪಕ್ಕಕ್ಕೆ ಕೂತೆ. ಅವರು ನನ್ನನ್ನು ನೋಡದೆ ಲ್ಯಾಪ್‌ಟಾಪನ್ನೇ ನೋಡುತ್ತಾ ಮಾತಾಡಿದರು, ನಾನೂ ಅದನ್ನೇ ನೋಡುತ್ತಾ ಹೇಳಿಕೊಟ್ಟೆ. "ನೀರ ಕೊಡು." "ಚಾ ಮಾಡು." "ಬಾಗಲಾ ಹಾಕು." "ಗುಳಿಗಿ ಕೊಡು." "ಊಟ ಚಲೋ ಆಗೇತಿ." "ಆರಾಮ ಅದೀನಿ." ಒಂದೊಂದನ್ನೂ ದೂರದ ಊರಿಗೆ ಫೋನು ಹಚ್ಚಿದವರಂತೆ ದೊಡ್ಡದಾಗಿ ಹೇಳಿದರು. ಹೊಸ್ತಿಲಲ್ಲಿ ಕೂತ ಅತ್ತೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

ಆಮೇಲೆ ನಾನು "ಬ್ಯಾಡ" ಅನ್ನಿ ಎಂದೆ. ಅತ್ತೆ ಕೈ ಅಡ್ಡ ಹಿಡಿದರು.

"ಆ ಮಾತ ತುಂಬಬ್ಯಾಡ."

"ಯಾಕ್ರಿ ಅತ್ತಿ? ಬೇಕಾಗತೈತಲ್ರಿ."

"ಮನ್ಯಾಗ ಅಸ್ತು ದೇವತಿ ಇರತಾಳ. ಅಂದದ್ದಕ್ಕೆಲ್ಲಾ ಅಸ್ತು ಅಂತಾಳ. ನಾವು ಅಂದ್ರ ಒಮ್ಮೆ ಅಂತೀವಿ. ಇದು ಒತ್ತಿದಾಗೊಮ್ಮೆ ಅನ್ನೂ ಮಷೀನ. ಕೆಟ್ಟದ್ದು ಯಾಕ ತುಂಬತಿ?"

ನಮ್ಮ ಮನೆಯಲ್ಲಿ ಮಾತುಗಳಿಗೆ ಇಂಥ ಕಟ್ಟು ಇದ್ದೇ ಇದೆ. ಯಾರೂ "ಹೋಗ್ತೀನಿ" ಎನ್ನುವುದಿಲ್ಲ, "ಬರ್ತೀನಿ" ಎನ್ನುತ್ತಾರೆ. ದೀಪ ಆರಿಸು ಎನ್ನುವುದಿಲ್ಲ, ದೊಡ್ಡದು ಮಾಡು ಎನ್ನುತ್ತಾರೆ. ಹೀಗಾಗಿ "ಬ್ಯಾಡ" ಹೋಯಿತು. ಅದರ ಹಿಂದೆ "ಇಲ್ಲ" ಹೋಯಿತು, "ಸಾಕು" ಹೋಯಿತು. "ನೋವು ಆಗಾಕತ್ತೈತಿ" ಎಂದು ನಾನು ಹೇಳಿಕೊಡುವ ಮೊದಲೇ ಅತ್ತೆ ಎದ್ದು ನಿಂತಿದ್ದರು. ನಾನು ಮಾವನವರ ಕಡೆ ನೋಡಿದೆ. ತೋಟದಲ್ಲಿ ಒಂದು ಎಲೆಯೂ ತಮ್ಮ ಮಾತು ಮೀರಿ ಉದುರಬಾರದು ಎನ್ನುವಂಥವರು ನಕ್ಕು, ಮೊದಲ ಬಾರಿಗೆ ನನಗೇ ನೇರವಾಗಿ ಹೇಳಿದರು: "ಬಿಡವಾ, ಅಂಜ್ಯಾಳ. ಅಕಿ ಅಂದಂಗ ಆಗ್ಲಿ." ಅತ್ತೆಯ ಅಂಜಿಕೆಗಾಗಿ ಅವರು ತಮ್ಮ ಬೇಡವನ್ನು ಬಿಟ್ಟುಕೊಟ್ಟರು. ನಾನು ತುಂಬಿದಷ್ಟನ್ನು ಉಳಿಸಿ ಲ್ಯಾಪ್‌ಟಾಪ್ ಮುಚ್ಚಿದೆ.

ಆಪರೇಶನ್ ಆಯಿತು. ಕುತ್ತಿಗೆಯಲ್ಲಿ ಉಸಿರಾಟಕ್ಕೆ ಒಂದು ತೂತು ಉಳಿಯಿತು. ಗಂಟಲಿಗೆ ಒತ್ತಿಕೊಂಡು ಮಾತಾಡುವ ಸಣ್ಣ ಯಂತ್ರವೊಂದನ್ನು ಆಸ್ಪತ್ರೆಯಲ್ಲಿ ತೋರಿಸಿದ್ದರು. ಅದರಿಂದ ಬಂದದ್ದು ಪಂಪಿನ ಮೋಟರಿನ ಸದ್ದು. ಮಾವನವರು ಅದನ್ನು ತಿರುಗಿಯೂ ನೋಡಲಿಲ್ಲ. ಮನೆಗೆ ಬಂದ ಮೇಲೆ ಬಿಳಿ ಟವೆಲನ್ನು ಕುತ್ತಿಗೆಯಿಂದ ಮೂಗಿನವರೆಗೆ ಸಡಿಲವಾಗಿ ಸುತ್ತಿಕೊಂಡು ಪಡಸಾಲೆಯ ಮಂಚದ ಮೇಲೆ ಕೂತರು. ಬಾವು ಬಂದ ಬಾಯಿ ಯಾರಿಗೂ ಕಾಣಬಾರದು ಎಂಬ ನಾಚಿಕೆ ಅವರಿಗೆ. ಮಂಚದ ಪಕ್ಕದ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ಕೀಗಳ ಮೇಲೆ ಕನ್ನಡದಲ್ಲಿ ಚೀಟಿ ಬರೆದು ಅಂಟಿಸಿದ್ದೆ.

ಮೊದಲ ದಿನ ಅವರು ಒತ್ತಿದ್ದು "ಚಾ ಮಾಡು." ಅಡುಗೆಮನೆಯಲ್ಲಿದ್ದ ಅತ್ತೆ ಆ ಧ್ವನಿಗೆ "ಬಂದೆನ್ರಿ" ಎಂದು ಎದ್ದು, ಆಮೇಲೆ ನೆನಪಾಗಿ, ಒಲೆಯ ಮುಂದೆಯೇ ಕೂತು ಅತ್ತರು. ಮರುದಿನದಿಂದ ಅಳಲಿಲ್ಲ. ಲ್ಯಾಪ್‌ಟಾಪನ್ನು ಮನೆಯ ಒಬ್ಬರಂತೆ ನೋಡಿಕೊಳ್ಳತೊಡಗಿದರು. ಚಳಿಯಾಗದಿರಲೆಂದು ಹಳೆ ಸೀರೆಯಿಂದ ಒಂದು ಸಣ್ಣ ಕೌದಿ ಹೊಲಿದು ಹೊದಿಸಿದರು. ಅದು ಕಾದು ತಾನೇ ಬಂದ್ ಆಯಿತು. ಗಾಳಿ ಆಡುವ ಕಿಂಡಿ ಮುಚ್ಚಬಾರದು ಎಂದು ನಾನು ವಿವರಿಸಿದ ಮೇಲೆ ಅದೇ ಕೌದಿಯನ್ನು ಅದರ ಅಡಿಗೆ ಹಾಸಿದರು. ಕಿಂಡಿ ಇದ್ದದ್ದು ಅಡಿಯಲ್ಲೇ. ಒಣದ್ರಾಕ್ಷಿ ಶೆಡ್ಡಿನ ಕಡೆಯಿಂದ ಬರುವ ಧೂಳು ಫ್ಯಾನಿಗೆ ಕೂರುತ್ತಿತ್ತು. ರವಿವಾರ ಹಿಂಬದಿಯ ಸ್ಕ್ರೂ ಬಿಚ್ಚಿ ನಾನು ಅದನ್ನು ಒರೆಸುತ್ತಿದ್ದೆ. ಮಾತುಗಳ ಇನ್ನೊಂದು ನಕಲನ್ನು ಪೆನ್‌ಡ್ರೈವಿಗೆ ಹಾಕಿ ಶಾಲೆಯ ಕಪಾಟಿನಲ್ಲಿ ಇಟ್ಟಿದ್ದೆ. ಕರೆಂಟು ಹೋಗುವ ವೇಳೆ ನೋಡಿಕೊಂಡು ಚಾರ್ಜಿಗೆ ಹಾಕುವ ಕೆಲಸ ಅತ್ತೆಯದು. ಅದನ್ನು ಅವರು ಒಂದು ದಿನವೂ ಮರೆಯಲಿಲ್ಲ.

ಬೇಡವೆಂದು ಹೇಳಲು ತಲೆ ಅಲ್ಲಾಡಿಸಬಹುದಿತ್ತು, ಮಾವನವರು ಅಲ್ಲಾಡಿಸುತ್ತಲೂ ಇದ್ದರು. ಆದರೆ ಅದನ್ನು ಯಾರು ಲೆಕ್ಕಕ್ಕೆ ತೆಗೆದುಕೊಂಡರು? "ಇನ್ನ ಒಂದ ಚಮಚ" ಎಂದು ಅತ್ತೆ ಬಟ್ಟಲಿಗೆ ಗಂಜಿ ಹಾಕುವರು, ಅವರು ಗೋಡೆಯ ಕಡೆ ತಿರುಗಿ ಕುಡಿಯುವರು. ಬೀಗರು, ನೆಂಟರು ನೋಡಲು ಬಂದರೆ "ಹೆಂಗ ಅದೀರಿ?" ಎಂದು ಕೇಳುವರು. ಅದಕ್ಕೆ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಒಂದೇ ಉತ್ತರ. ಮಾವನವರು ಕೀ ಒತ್ತುವರು. "ಆರಾಮ ಅದೀನಿ" ಎಂದು ಅವರ ಹಿಂದಿನ ಧ್ವನಿ ಪಡಸಾಲೆ ತುಂಬುವುದು. ಬಂದವರು ಸಮಾಧಾನದಿಂದ ಚಹಾ ಕುಡಿದು ಹೋಗುವರು. ಅತ್ತೆಯ ಮುಖ ಅರಳುವುದು. ಟವೆಲಿನ ಮೇಲಿನ ಕಣ್ಣು ಏನು ಹೇಳುತ್ತಿದೆ ಎಂದು ಅವರು ನೋಡುತ್ತಿರಲಿಲ್ಲ. ಇಷ್ಟು ವರ್ಷಗಳ ಸಂಸಾರದಲ್ಲಿ ಅವರು ಗಂಡನನ್ನು ಕಿವಿಯಿಂದ ತಿಳಿದವರು. ನಾಲ್ಕು ಜನರ ಮುಂದೆ ಮುಖ ಎತ್ತಿ ನೋಡಿದವರಲ್ಲ.

ಗಡ್ಡೆ ಮತ್ತೆ ಬಂತು. ಈ ಸಲ ಕರೆಂಟ್, ಅಂದರೆ ರೇಡಿಯೇಶನ್, ಕೊಡಬೇಕು, ಅದಕ್ಕಾಗಿ ಮಿರಜಿಗೆ ಮೇಲಿಂದ ಮೇಲೆ ಬರಬೇಕು ಎಂದರು ಡಾಕ್ಟರು. ಗುಣವಾಗುತ್ತದೆಯೇ ಎಂದು ಕೇಳಿದರೆ ಅವರು ಹೌದು ಎನ್ನಲಿಲ್ಲ, ಇನ್ನಷ್ಟು ದಿನ ಸಿಗಬಹುದು ಎಂದರು. ಕೆಲವು ಸಲ ಹೋಗಿ ಬಂದೆವು. ಕುತ್ತಿಗೆಯ ಚರ್ಮ ಸುಟ್ಟು ಕಪ್ಪಾಯಿತು, ನೀರು ಇಳಿಯುವುದೂ ಕಷ್ಟವಾಯಿತು. ಒಂದು ಸಂಜೆ ಮಾವನವರು ಚೀಟಿಯಲ್ಲಿ ಬರೆದು ನನಗೆ ಕೊಟ್ಟರು: ಲ್ಯಾಪ್‌ಟಾಪಿನಲ್ಲಿ ಇಲ್ಲದ ಮಾತು ನನಗೆ ಬೇಕು.

ಬೆರಳಚ್ಚಿಸಿದ್ದನ್ನು ಓದಿ ಹೇಳುವ ಕನ್ನಡ ಧ್ವನಿಯನ್ನು ಇಳಿಸಿಕೊಟ್ಟೆ. ಮೊಬೈಲನ್ನು ಮಾಳಿಗೆಯ ಮೇಲಿಟ್ಟು ನೆಟ್‌ವರ್ಕ್ ಹಿಡಿಯಬೇಕಾಯಿತು. ಮಾವನವರು ಒಂದೊಂದೇ ಅಕ್ಷರ ಹುಡುಕಿ ಬರೆದದ್ದನ್ನು ಲ್ಯಾಪ್‌ಟಾಪ್ ಓದಿತು: "ನನಗೆ ತುಂಬಾ ನೋವಾಗುತ್ತಿದೆ." ವಾರ್ತೆ ಓದುವವರ ನುಣ್ಣನೆಯ ಗಂಡು ಧ್ವನಿ. ಅತ್ತೆ ತಟ್ಟನೆ ಸೆರಗು ಎಳೆದುಕೊಂಡು ಬಾಗಿಲ ಹಿಂದೆ ಸರಿದರು.

"ಯಾರ ಬೇ ಅಂವ?"

"ಯಾರೂ ಅಲ್ರಿ. ಮಾವಾರು ಬರದದ್ದನ್ನ ಅದು ಓದತೈತಿ."

"ಇವರ ಮಾತ ಹಿಂಗ ಇರೂದಿಲ್ಲ. ಪರಗಂಡಸಿನ ಬಾಯಿಲೆ ನನ್ನ ಮುಂದ ಇಂತಾ ಮಾತ ಆಡಸಬ್ಯಾಡ್ರಿ."

ಅಂದಿನಿಂದ ಆ ಧ್ವನಿ ಶುರುವಾದರೆ ಅತ್ತೆ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಒಳಗೆ ಬಂದು "ತ್ರಾಸ ಆಗಾಕತ್ತೈತೇನ್ರಿ?" ಎಂದು ತಾವೇ ಕೇಳಿದಾಗ ಮಾವನವರು ಹಳೆಯ ಕೀ ಒತ್ತುತ್ತಿದ್ದರು. ಆರಾಮ ಅದೀನಿ. ಆ ಗಟ್ಟಿ ದನಿ ಕೇಳಿದರೆ ನನಗೆ ಲ್ಯಾಪ್‌ಟಾಪನ್ನು ಎತ್ತಿ ಒಗೆಯಬೇಕು ಅನ್ನಿಸುತ್ತಿತ್ತು.

ಮತ್ತೆ ಮಿರಜಿಗೆ ಹೋಗುವ ದಿನ ಬೆಳಿಗ್ಗೆ ಬಾಡಿಗೆ ಗಾಡಿ ಬಂದು ಬಾಗಿಲಲ್ಲಿ ನಿಂತಿತ್ತು. ಗಂಡ ಚೀಲ ಹಿಡಿದು ನಿಂತಿದ್ದರು. ಮಾವನವರು ಮಂಚದಿಂದ ಏಳಲಿಲ್ಲ. ಲ್ಯಾಪ್‌ಟಾಪ್ ಎಳೆದುಕೊಂಡು ನಿಧಾನವಾಗಿ ಬರೆದರು. "ಸಾಕು. ನಾನು ಇನ್ನು ಆಸ್ಪತ್ರೆಗೆ ಬರುವುದಿಲ್ಲ," ಎಂದಿತು ಆ ಧ್ವನಿ. ಗಂಡ ತಾಯಿಯ ಮುಖ ನೋಡಿದರು. ತಾಯಿ ಹೂಂ ಎನ್ನದೆ ತಂದೆಯ ಚಿಕಿತ್ಸೆ ನಿಲ್ಲಿಸುವ ಧೈರ್ಯ ಅವರಿಗಿರಲಿಲ್ಲ. ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಅತ್ತೆ ಈ ಸಲ ಹಿತ್ತಲಿಗೆ ಹೋಗಲಿಲ್ಲ. "ಅಂವ ಅಂದ್ರ ನಾ ಕೇಳಾಕಿ ಅಲ್ಲ," ಎಂದರು. "ಇವರು ತಮ್ಮ ಧ್ವನಿಲೆ ಸಾಕು ಅನ್ಲಿ. ಆವಾಗ ಕೇಳತೀನಿ."

ನನಗೆ ತಡೆಯಲಾಗಲಿಲ್ಲ. "ಆ ಮಾತ ತುಂಬಾಕ ನೀವು ಬಿಟ್ಟಿದ್ರ ಅಂತಿದ್ರಲ್ರಿ ಅತ್ತಿ," ಎಂದುಬಿಟ್ಟೆ. ಅತ್ತೆ ಗೋಡೆಗೆ ಒರಗಿ ನಿಂತರು.

ಮಾವನವರು ಲ್ಯಾಪ್‌ಟಾಪ್ ಮುಚ್ಚಿದರು. ಟವೆಲ್ ಬಿಚ್ಚಿ ಪಕ್ಕಕ್ಕೆ ಇಟ್ಟರು. ಆಪರೇಶನ್ ಆದಂದಿನಿಂದ ಆ ಬಾಯಿಯನ್ನು ನಾವು ಸರಿಯಾಗಿ ನೋಡಿರಲಿಲ್ಲ. ಅತ್ತೆಯನ್ನು ಕೈಸನ್ನೆ ಮಾಡಿ ಹತ್ತಿರ ಕರೆದರು. ಅತ್ತೆ ಮಂಚದ ಅಂಚಿಗೆ ಬಂದು ತಲೆ ತಗ್ಗಿಸಿ ಕೂತರು. ಮಗ, ಸೊಸೆ ಇಬ್ಬರೂ ಎದುರಿಗೆ ಇರುವಾಗಲೇ ಮಾವನವರು ಅತ್ತೆಯ ಗದ್ದ ಹಿಡಿದು ಮುಖ ಎತ್ತಿದರು. ಗದ್ದ ಬಿಡದೆ ತುಟಿ ಆಡಿಸಿದರು. ಸದ್ದಿಲ್ಲ, ಬರೀ ತುಟಿ. ಅತ್ತೆ ಮುಖ ತಿರುಗಿಸಲು ನೋಡಿದರು, ಮಾವನವರು ಬಿಡಲಿಲ್ಲ. ಮತ್ತೊಮ್ಮೆ ಆಡಿಸಿದರು. ಅತ್ತೆ ಕಣ್ಣು ಕಿರಿದು ಮಾಡಿ ನೋಡುತ್ತಾ ನೋಡುತ್ತಾ ತಾವೂ ಅದೇ ಥರ ತುಟಿ ಆಡಿಸಿದರು. ಆಮೇಲೆ ಮಾವನವರು ಇನ್ನೇನೋ ಹೇಳಿದರು. ಅದು ಸ್ವಲ್ಪ ಉದ್ದದ ಮಾತು. ಅಷ್ಟರಲ್ಲಿ ಅವರು ಅತ್ತೆಯ ಕಡೆ ಬಾಗಿದ್ದರಿಂದ ನಾನು ನಿಂತ ಕಡೆಗೆ ತುಟಿ ಕಾಣಲಿಲ್ಲ, ಅತ್ತೆಯ ಮುಖ ಮಾತ್ರ ಕಂಡಿತು. ಅತ್ತೆ "ಹೂಂ" ಎಂದರು. ಸ್ವಲ್ಪ ತಡೆದು ಮತ್ತೆ "ಹೂಂ" ಎಂದರು.

ಮಾವನವರು ಕೈ ತೆಗೆದ ಮೇಲೂ ಅತ್ತೆ ಅವರನ್ನೇ ನೋಡುತ್ತಿದ್ದರು. ಮಗನ ಕಡೆ ತಿರುಗದೆಯೇ ಹೇಳಿದರು.

"ಗಾಡಿ ಕಳಸ್ಪಾ. ನೋವು ಭಾಳ ಐತಂತ. ಸಾಕಂತ."

ಗಂಡ ಚೀಲವನ್ನು ಅಲ್ಲೇ ಕೆಳಗಿಟ್ಟು ಹೊರಗೆ ಹೋದರು. ಗಾಡಿ ತಿರುಗಿಸಿಕೊಳ್ಳುವ ಸದ್ದು ಕೇಳಿಸಿತು.