ಹುಳುವಿನ ಬಾಯಿ

ಸೂಕ್ಷ್ಮದರ್ಶಕಕ್ಕೆ ಒತ್ತಿ ಒತ್ತಿ ಅವರ ಬಲಗಣ್ಣಿನ ಸುತ್ತ ದುಂಡಗೆ ಕಪ್ಪು ಕಲೆ ಕಟ್ಟಿತ್ತು. ತೊಂಬತ್ತರ ದಶಕದಲ್ಲಿ ಮೂಡುಬಿದಿರೆಯ ಕಾಲೇಜಿನಲ್ಲಿ ನಮಗೆ ಪ್ರಾಣಿಶಾಸ್ತ್ರ ಕಲಿಸಿದ ಮೇಷ್ಟರು ಅವರು. ಪಾಣೆಮಂಗಳೂರಿನ ಬ್ಯಾರಿ ಮುಸ್ಲಿಂ ವ್ಯಾಪಾರಿಗಳ ಮನೆತನ. ತಮ್ಮಂದಿರೆಲ್ಲ ಗಲ್ಫಿಗೆ ಹೋದರು. ಇವರು ಮಾತ್ರ ಭಾನುವಾರ ಬಂತೆಂದರೆ ಗಾಜಿನ ಬಾಟಲಿ ಹಿಡಿದು ಕಡಲ ಕಡೆಗೆ ಬಸ್ಸು ಹತ್ತುತ್ತಿದ್ದರು. ತರುತ್ತಿದ್ದುದು ಮೀನಲ್ಲ, ನಾರುವ ಕರಿ ಮರಳು.

ಆ ಮರಳಿನಲ್ಲಿ ಕೂದಲಿಗಿಂತ ಸಪೂರದ ದುಂಡುಹುಳುಗಳಿದ್ದವು. ಅವುಗಳಲ್ಲಿ ಒಂದು ಜಾತಿಗೆ ಬಾಯಿಯೇ ಇಲ್ಲ, ಒಳಗೆ ತುಂಬಿಕೊಂಡ ಬ್ಯಾಕ್ಟೀರಿಯಾಗಳೇ ಅದನ್ನು ಸಾಕುತ್ತವೆ ಎಂಬುದು ಅವರು ಹದಿನಾಲ್ಕು ವರ್ಷ ಬರೆದ ಪ್ರಬಂಧದ ತಿರುಳು. "ಇದಕ್ಕೆ ಅಡುಗೆಯವರು ಹೊಟ್ಟೆಯೊಳಗೇ ಉಂಟು" ಎಂದು ತರಗತಿಯಲ್ಲಿ ಹೇಳಿ ತಾವೇ ಮೊದಲು ನಗುತ್ತಿದ್ದರು.

ಪ್ರಬಂಧ ಮುಗಿಯುವ ಹೊತ್ತಿಗೆ ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣುಗಳನ್ನು ಕಿತ್ತುಕೊಂಡಿತು. ಪುತ್ತಿಗೆಯಿಂದ ಬರುತ್ತಿದ್ದ ನಾನು ಚಿತ್ರ ಚೆನ್ನಾಗಿ ಬಿಡಿಸುತ್ತೇನೆಂದು ಕೊನೆಯ ಚಿತ್ರಗಳನ್ನು ನನಗೆ ಒಪ್ಪಿಸಿದರು. ಸೂಕ್ಷ್ಮದರ್ಶಕದಲ್ಲಿ ಹುಳುವಿನ ತಲೆಯನ್ನು ನೋಡಿದೆ. ತುದಿಯಲ್ಲಿ ಸೂಜಿ ಚುಚ್ಚಿದಂಥ ತೂತು. ಅಲ್ಲಿಂದ ಒಳಕ್ಕೆ ನೂಲಿನಂಥ ಗಂಟಲು.

"ಬಾಯಿ ಇಲ್ಲ ಅಲ್ವಾ?" ಎಂದು ಕೇಳಿದರು.

"ಇಲ್ಲ ಸರ್" ಎಂದೆ. ಬಾಯಿಲ್ಲದ ತಲೆಯನ್ನೇ ಬರೆದುಕೊಟ್ಟೆ.

ಮೂರು ದಿನ ಅವರ ಕಡೆ ಸುಳಿಯಲಿಲ್ಲ. ನಾಲ್ಕನೆಯ ದಿನ ತಡೆಯಲಾಗದೆ ಹೋಗಿ, "ಬಾಯಿ ಉಂಟು ಸರ್. ಅವತ್ತು ಸುಳ್ಳು ಹೇಳಿದೆ" ಎಂದೆ.

"ಎಷ್ಟು ಹುಳದಲ್ಲಿ?"

"ನೋಡಿದ ಆರರಲ್ಲಿಯೂ."

ತಡವರಿಸಿ ಕುರ್ಚಿ ಹುಡುಕಿ ಕುಳಿತರು. "ಹಾಗಾದ್ರೆ ನನ್ನ ಕಣ್ಣು ಯಾವಾಗಲೋ ಹೋಗಿತ್ತು ಅಂತ ಕಾಣ್ತದೆ."

"ಯಾರಿಗೂ ಗೊತ್ತಾಗುದಿಲ್ಲ ಸರ್. ಹೀಗೇ ಕಳಿಸುವ."

ಅವರು ರೇಗಿದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಹುಳಕ್ಕೆ ಗೊತ್ತುಂಟಲ್ಲ ಮಾರಾಯ್ತಿ! ಕಂಡದ್ದನ್ನು ಬರಿ."

ಬರೆದೆ. ಪ್ರಬಂಧ ಎಲ್ಲಿಗೂ ಹೋಗಲಿಲ್ಲ. ಎರಡು ವರ್ಷ ನೆನಪಿನಿಂದಲೇ ಪಾಠ ಮಾಡಿದರು. ಆಮೇಲೆ ಅದೇ ಕಾಯಿಲೆಗೆ ಒಂದು ಕಾಲು ತೆಗೆಸಬೇಕಾಯಿತು, ಮನೆಯಲ್ಲೇ ಉಳಿದರು. ಒಂದು ಮಳೆಗಾಲದಲ್ಲಿ ತೀರಿಕೊಂಡರು.

ಸುದ್ದಿ ಕೇಳಿ ಪಾಣೆಮಂಗಳೂರಿಗೆ ಹೋದಾಗ ಮಯ್ಯತ್ತನ್ನು ಹೆಗಲ ಮೇಲೆ ಹೊತ್ತು ಮಸೀದಿಗೆ ಒಯ್ದಾಗಿತ್ತು. ಒಳಕೋಣೆಯಲ್ಲಿ ಅವರ ಹೆಂಡತಿ ನನ್ನ ಕೈ ಹಿಡಿದು ಕೂರಿಸಿಕೊಂಡರು. "ಅಷ್ಟು ವರ್ಷ ಅವರು ಅಲ್ಲಿ ಏನು ನೋಡಿದ್ದು ಮಗಳೇ?"

"ಒಂದು ಹುಳ ಹೇಗೆ ಊಟ ಮಾಡ್ತದೆ ಅಂತ."

"ಗೊತ್ತಾಯ್ತಾ?"

ಹೂಂ ಎಂದಿದ್ದರೆ ಆಕೆಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಆ ಮನೆಯಲ್ಲಿ ಕೂತು ಅದು ನನ್ನಿಂದ ಆಗಲಿಲ್ಲ.

"ಇಲ್ಲಮ್ಮ" ಎಂದೆ.